ಏಬಲ್ಟನ್ ಲೈವ್ 12: ಕ್ಲಿಕ್ ಕಮ್ಮಿಯಾಯ್ತು, ಗಮಕ ಇನ್ನೂ ಕೈಯಲ್ಲೇ

ರಾತ್ರಿ ಹತ್ತೂವರೆ. ಒಂದು ದೇವರನಾಮದ ಮಿಕ್ಸ್ ಕಳಿಸಿ ಊಟಕ್ಕೆ ಕೂತಿದ್ದೆ. ಫೋನ್ ಬಂತು. "ಸರ್, ಎಲ್ಲಾ ಚೆನ್ನಾಗಿದೆ. ಮೃದಂಗ ಒಂಚೂರು ಇಳಿಸಿ, ಕೊಳಲು ಒಂಚೂರು ಏರಿಸಿ, ಅಷ್ಟೇ." ಈ 'ಒಂಚೂರು, ಅಷ್ಟೇ'ಗಳಲ್ಲೇ ಮನೆ ಸ್ಟುಡಿಯೊ ಇಟ್ಟುಕೊಂಡವರ ಅರ್ಧ ರಾತ್ರಿ ಕಳೆದುಹೋಗುತ್ತದೆ.

ಕಂಪ್ಯೂಟರಿನಲ್ಲಿ ಹಾಡು ಕಟ್ಟಿ ಮಿಕ್ಸ್ ಮಾಡುವ ತಂತ್ರಾಂಶ ಏಬಲ್ಟನ್ ಲೈವ್. ಅದರಲ್ಲಿ ಕೆಲಸ ಮಾಡುವವರಿಗೆ 12ನೇ ಆವೃತ್ತಿ ಬರುವ ತನಕ ಈ ಒಂಚೂರಿನ ದಾರಿ ಹೀಗಿತ್ತು. ಹಾಡು ಎಡದಿಂದ ಬಲಕ್ಕೆ ಹರಡಿಕೊಂಡಿರುವ ಪರದೆಗೆ ಅರೇಂಜ್‌ಮೆಂಟ್ ಅಂತ ಹೆಸರು. ಪಲ್ಲವಿ ಎಲ್ಲಿ, ಚರಣ ಎಲ್ಲಿ ಅಂತ ಕಾಣುವುದು ಅಲ್ಲಿ. ಆದರೆ ಅಲ್ಲಿ ವಾಲ್ಯೂಮ್ ಅನ್ನುವುದು ಪ್ರತಿ ಟ್ರ್ಯಾಕಿನ, ಅಂದರೆ ಒಂದೊಂದು ವಾದ್ಯ ಅಥವಾ ದನಿಯ ಸಾಲಿನ, ಪಕ್ಕ ಒಂದು ಸಣ್ಣ ಅಂಕಿ ಮಾತ್ರ. ಕೈಗೆ ಸಿಗುವ ಫೇಡರ್, ಅಂದರೆ ಎಳೆದು ವಾಲ್ಯೂಮ್ ಏರಿಸಿ ಇಳಿಸುವ ಗುಂಡಿ, ಬೇಕಂದರೆ ಟ್ಯಾಬ್ ಒತ್ತಿ ಸೆಷನ್ ಅನ್ನುವ ಇನ್ನೊಂದು ಪರದೆಗೆ ಹೋಗಬೇಕು. ಅಲ್ಲಿ ಫೇಡರ್ ಉಂಟು, ಹಾಡಿನ ನಕ್ಷೆ ಇಲ್ಲ. ಇಳಿಸು, ಟ್ಯಾಬ್, ನೋಡು, ಟ್ಯಾಬ್, ಏರಿಸು, ಟ್ಯಾಬ್. ಒಂದು ಸಂಜೆಗೆ ಎಷ್ಟು ಸಲ ಒತ್ತುತ್ತೇವೆ ಅಂತ ಯಾರೂ ಎಣಿಸುವುದಿಲ್ಲ. ಕೀಬೋರ್ಡ್ ಮೇಲೆ ಟ್ಯಾಬ್ ಅನ್ನುವ ಅಕ್ಷರ ಸವೆದು ಹೋಗಿರುತ್ತದೆ, ಅದೇ ಲೆಕ್ಕ.

2024ರ ಮಾರ್ಚ್ 5ರಂದು ಲೈವ್ 12 ಬಂತು. ಫೇಡರ್‌ಗಳೆಲ್ಲ ಇರುವ ಮಿಕ್ಸರ್ ಅರೇಂಜ್‌ಮೆಂಟ್ ಪರದೆಯ ಕೆಳಗೇ ಬಂದು ಕೂತಿತು. ಅದರ ಜೊತೆ ಇನ್ನೊಂದು ಸಣ್ಣ ರಿಪೇರಿಯೂ ಆಯಿತು. ಮೊದಲು ಸ್ವರಗಳನ್ನು ತಿದ್ದುವ ಜಾಗ, ಇಫೆಕ್ಟ್‌ಗಳ ಜಾಗ ಎರಡರಲ್ಲಿ ಒಂದು ಮಾತ್ರ ಕಾಣುತ್ತಿತ್ತು. ಈಗ ಎರಡನ್ನೂ ಒಂದರ ಮೇಲೊಂದು ತೆರೆದಿಟ್ಟುಕೊಳ್ಳಬಹುದು. ಸ್ವರ ತಿದ್ದುತ್ತಾ ಪ್ರತಿಧ್ವನಿ ಕೊಡುವ ರಿವರ್ಬ್ ಕೂಡ ತಿರುಗಿಸಬಹುದು.

ಇಷ್ಟು ಮಾಡಲು ಇಪ್ಪತ್ತೆರಡು ವರ್ಷ ಬೇಕಾಯಿತಾ ಅಂತ ನಗು ಬರಬಹುದು. ಅದಕ್ಕೊಂದು ಕಾರಣ ಇದೆ. ಬರ್ಲಿನ್ನಿನಲ್ಲಿ 2001ರಲ್ಲಿ ಲೈವ್ ಹೊರಬಂದಾಗ ಅದು ವೇದಿಕೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನುಡಿಸುವವರ ಉಪಕರಣ, ಹೆಸರೇ ಹೇಳುವ ಹಾಗೆ. ಕಟ್ಟಿದವರಲ್ಲಿ ಗೆರ್ಹಾರ್ಡ್ ಬೇಲೆಸ್ ಮತ್ತು ರಾಬರ್ಟ್ ಹೆಂಕೆ ಮೋನೋಲೇಕ್ ಅನ್ನುವ ಹೆಸರಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದವರು. ವೇದಿಕೆಯಲ್ಲಿ ಕೈಗೆ ಬೇಕಾದದ್ದು ಸೆಷನ್ ಪರದೆ, ಹಾಗಾಗಿ ಫೇಡರ್ ಅಲ್ಲೇ ಹುಟ್ಟಿತು, ಅಲ್ಲೇ ಉಳಿಯಿತು. ಎಲ್ಲ ಸಾಫ್ಟ್‌ವೇರ್‌ಗೂ ಇಂಥ ಹುಟ್ಟುಗುಣ ಇರುತ್ತದೆ. 1997ರಲ್ಲಿ ಫ್ರೂಟಿಲೂಪ್ಸ್ ಅಂತ ಹುಟ್ಟಿದ ಎಫ್‌ಎಲ್ ಸ್ಟುಡಿಯೊ ಇವತ್ತಿಗೂ ಮೊದಲು ತಾಳದ ಚೌಕಗಳಲ್ಲೇ ಯೋಚಿಸುತ್ತದೆ. ಟೇಪ್ ಮತ್ತು ಕನ್ಸೋಲ್ ನೋಡಿ ಬೆಳೆದ ಪ್ರೊ ಟೂಲ್ಸ್‌ನಲ್ಲಿ ಇಂದಿಗೂ ಎಡಿಟ್ ಒಂದು ಕಿಟಕಿ, ಮಿಕ್ಸ್ ಇನ್ನೊಂದು.

ಹೊಸ ಆವೃತ್ತಿ ಬಂದಾಗ ಜಾಹೀರಾತಿನಲ್ಲಿ ಮಿಂಚುವುದು ಹೊಸ ವಾದ್ಯಗಳು. ಲೈವ್ 12ರಲ್ಲಿ ಮೆಲ್ಡ್ ಅನ್ನುವ ಸಿಂಥ್ (ಕಂಪ್ಯೂಟರಿನಲ್ಲೇ ಶಬ್ದ ಹುಟ್ಟಿಸುವ ವಾದ್ಯ), ರೋರ್ ಅನ್ನುವ, ಶಬ್ದವನ್ನು ಒರಟಾಗಿಸಿ ದಪ್ಪ ಮಾಡುವ ಸ್ಯಾಚುರೇಶನ್ ಇಫೆಕ್ಟ್ ಬಂದವು. ಚೆನ್ನಾಗಿವೆ. ರೋರ್ ಹಾಕಿದರೆ ಬೇಸ್ ಗುಡುಗುತ್ತದೆ. ಆದರೆ ತಿಂಗಳಿಗೆ ನಾಲ್ಕಾರು ಹಾಡು ಮುಗಿಸಿ ಕೊಡುವವರಿಗೆ ಸಮಯ ಉಳಿಸಿದ್ದು ಆ ಕೆಳಗೆ ಬಂದ ಮಿಕ್ಸರ್.

ಎರಡನೆಯದು ಹುಡುಕಾಟ. ನಮ್ಮಲ್ಲಿ ಹೆಚ್ಚಿನವರ ಹಾರ್ಡ್‌ಡಿಸ್ಕ್ ಅಂದರೆ ಹಬ್ಬದ ಮುಂಚಿನ ಅಟ್ಟ ಇದ್ದ ಹಾಗೆ. 'ಢೋಲಕ್ ಹೊಸದು', 'ಢೋಲಕ್ ಫೈನಲ್', 'ಅಣ್ಣ ಕೊಟ್ಟಿದ್ದು' ಅಂತ ಫೋಲ್ಡರ್‌ಗಳು. ಬೇಕಾದ ಒಂದು ಪೆಟ್ಟು ಹುಡುಕುವಷ್ಟರಲ್ಲಿ ತಲೆಯಲ್ಲಿದ್ದ ನಡೆ ಮರೆತೇ ಹೋಗುತ್ತದೆ. ಲೈವ್ 12 ಇಲ್ಲಿ ಎರಡು ದಾರಿ ಹಿಡಿಯಿತು. ಒಂದು ಟ್ಯಾಗ್: ಯಾವ ಬಗೆಯ ಶಬ್ದ, ಯಾವ ಗುಣ ಅಂತ ಚೀಟಿ ಅಂಟಿಸಿ ಸೋಸುವುದು. ಇನ್ನೊಂದು 'ಇದರ ಥರದ್ದೇ ತೋರಿಸು' ಅನ್ನುವ ಗುಂಡಿ. ಒಂದು ಶಬ್ದದ ಪಕ್ಕದ ಚಿಹ್ನೆ ಒತ್ತಿದರೆ ಕೇಳಲು ಹತ್ತಿರ ಇರುವವು ಸಾಲಾಗಿ ಬರುತ್ತವೆ. ಹೆಸರು ನೋಡಿ ಅಲ್ಲ, ಶಬ್ದವನ್ನೇ ಅಳೆದು.

ಒಂದು ಸಲ ಡೊಳ್ಳಿನ ಒಂದು ಪೆಟ್ಟಿನ ಮೇಲೆ ಇದನ್ನು ಒತ್ತಿದೆ. ಬಂದ ಪಟ್ಟಿಯಲ್ಲಿ ಜಪಾನಿನ ಟೈಕೋ, ಒಂದೆರಡು ಸಿನಿಮಾ ಟ್ರೇಲರ್‌ಗೆ ಹಾಕುವ 'ಧಡ್' ಶಬ್ದ, ಕೆಳಗೆ ಎಲ್ಲೋ ನಾನೇ ಮೂರು ವರ್ಷದ ಹಿಂದೆ ರೆಕಾರ್ಡ್ ಮಾಡಿ ಮರೆತಿದ್ದ ಇನ್ನೊಂದು ಡೊಳ್ಳು. ಅದನ್ನು ಹೆಸರಿನಿಂದ ಹುಡುಕಿದ್ದರೆ ಸಿಗುತ್ತಲೇ ಇರಲಿಲ್ಲ. ಫೈಲಿನ ಹೆಸರು 'ಹೊಸ ರೆಕಾರ್ಡಿಂಗ್ 14' ಅಂತಿತ್ತು!

ಟ್ಯಾಗ್ ಕತೆ ಸ್ವಲ್ಪ ಬೇರೆ. ಮೊದಲ ಬಿಡುಗಡೆಯಲ್ಲಿ ಕಂಪನಿ ಕೊಟ್ಟ ಶಬ್ದಗಳಿಗೆ ಟ್ಯಾಗ್ ಇತ್ತು, ನಮ್ಮವಕ್ಕೆ ನಾವೇ ಅಂಟಿಸಬೇಕಿತ್ತು. ಅದೇ ವರ್ಷ ಬಂದ 12.1ರಲ್ಲಿ ಚಿಕ್ಕ ಶಬ್ದಗಳಿಗೆ ತಾನೇ ಅಂಟಿಸುವ ಸೌಕರ್ಯ ಬಂತು. ಕಿಕ್, ಸ್ನೇರ್, ಹೈ-ಹ್ಯಾಟ್ ಆದರೆ ಸರಿ. ತಮಟೆ, ಕಂಸಾಳೆ, ಚಂಡೆ ಅಂತ ಬೇಕಂದರೆ ನಾವೇ ಬರೆದುಕೊಳ್ಳಬೇಕು. ಬರೆದುಕೊಳ್ಳಬಹುದು ಅನ್ನುವುದೇ ಸಮಾಧಾನ. ಒಂದು ಭಾನುವಾರ ಕೂತು ಬರೆದರೆ ವರ್ಷಪೂರ್ತಿ ಸಲೀಸು. ಆ ಭಾನುವಾರ ನನಗಿನ್ನೂ ಬಂದಿಲ್ಲ.

ಈಗ ನಿಜವಾದ ತಕರಾರಿಗೆ ಬರೋಣ.

ಲೈವ್ 12ರ ದೊಡ್ಡ ಮಾತು ಸ್ಕೇಲ್, ಅಂದರೆ ಹಾಡಿಗೆ ಆರಿಸಿಕೊಂಡ ಸ್ವರಗಳ ಗುಂಪು. ಮೇಲಿನ ಪಟ್ಟಿಯಲ್ಲಿ ಒಂದು ಮೂಲ ಸ್ವರ, ಒಂದು ಸ್ಕೇಲ್ ಆರಿಸಿದರೆ ಸಾಕು. ಸ್ವರ ಬರೆಯುವ ಜಾಗದಲ್ಲಿ ಆ ಸ್ಕೇಲಿನ ಸ್ವರಗಳು ಬಣ್ಣದಲ್ಲಿ ಕಾಣುತ್ತವೆ. ಬೇಡದವನ್ನು ಮಡಚಿ ಮುಚ್ಚಬಹುದು. ತಪ್ಪಿದ ಸ್ವರವನ್ನು ಹತ್ತಿರದ ಸರಿ ಸ್ವರಕ್ಕೆ ತಳ್ಳಬಹುದು. ಒಟ್ಟಿಗೆ ಇರುವ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ಆರ್ಪೆಜಿಯೊ ಮಾಡುವ, ಸ್ವರ ಅಲಂಕರಿಸುವ, ಯಾದೃಚ್ಛಿಕ ಸ್ವರ ಬಿತ್ತುವ ಹೊಸ ಉಪಕರಣಗಳೂ ಇದೇ ಸ್ಕೇಲಿಗೆ ಬದ್ಧ. ಸ್ವರ ಬಿತ್ತುವ ಆ 'ಸೀಡ್' ಎರಡು ದಿನ ಮಜಾ ಕೊಡುತ್ತದೆ. ಮೂರನೇ ದಿನ ಎಲ್ಲ ಒಂದೇ ಥರ ಕೇಳುತ್ತದೆ.

ಸ್ಕೇಲುಗಳ ಪಟ್ಟಿ ಬಿಚ್ಚಿ ನೋಡಿದರೆ ಸಂಗೀತ ಕಲಿತವರಿಗೆ ಹಳೆ ನೆಂಟರು ಸೂಟು ಹಾಕಿಕೊಂಡು ಕೂತ ಹಾಗೆ ಅನ್ನಿಸುತ್ತದೆ. ಮೇಜರ್ ಅಂದರೆ ಧೀರಶಂಕರಾಭರಣದ ಸ್ವರಗಳು. ಡೋರಿಯನ್ ಖರಹರಪ್ರಿಯ, ಮಿಕ್ಸೊಲಿಡಿಯನ್ ಹರಿಕಾಂಭೋಜಿ, ಲಿಡಿಯನ್ ಮೇಚಕಲ್ಯಾಣಿ. ಹಾರ್ಮೋನಿಕ್ ಮೈನರ್ ಕೀರವಾಣಿ. ಹಂಗೇರಿಯನ್ ಮೈನರ್ ಅಂತ ಇರುವುದು ನಮ್ಮ ಸಿಂಹೇಂದ್ರಮಧ್ಯಮ. ಮೇಜರ್ ಪೆಂಟಟಾನಿಕ್ ಮೋಹನ. ಪಟ್ಟಿಯಲ್ಲಿ ನಮ್ಮ ಕಡೆಯ ಹೆಸರು ಒಂದುಂಟು, ಭೈರವ್. ಸ್ವರ ಎಣಿಸಿದರೆ ಮಾಯಾಮಾಳವಗೌಳ, ಕರ್ನಾಟಕ ಸಂಗೀತದ ಮೂಲ ರಾಗಗಳ ಪಟ್ಟಿಯಲ್ಲಿ 15ನೇ ಮೇಳ. ಪುರಂದರದಾಸರು ಪಾಠಕ್ಕೆ ಆರಿಸಿಕೊಟ್ಟರು ಅಂತ ಎಲ್ಲ ಮೇಷ್ಟ್ರೂ ಹೇಳುವ, ಸರಳೆ ವರಸೆಯಲ್ಲಿ ನಾವೆಲ್ಲ ಬಾಯಿ ಬಿಟ್ಟು ಹಾಡಿದ ಅದೇ ರಾಗ. ಬರ್ಲಿನ್ನಿನ ಸಾಫ್ಟ್‌ವೇರಿನಲ್ಲಿ ಅದನ್ನು ಕಂಡಾಗ ಖುಷಿಯಾಯಿತು, ಸುಳ್ಳು ಹೇಳಲ್ಲ.

ಖುಷಿ ಬಿಲಹರಿ ಹತ್ತಿರ ಬಂದಾಗ ನಿಲ್ಲುತ್ತದೆ. ಬಿಲಹರಿ ಹತ್ತುವಾಗ ಸ ರಿ ಗ ಪ ದ ಸ. ಮಧ್ಯಮ ಇಲ್ಲ, ನಿಷಾದ ಇಲ್ಲ. ಇಳಿಯುವಾಗ ಸ ನಿ ದ ಪ ಮ ಗ ರಿ ಸ, ಏಳೂ ಉಂಟು. ಈಗ ಯಾವ ಸ್ಕೇಲ್ ಒತ್ತುತ್ತೀರಿ? ಮೇಜರ್ ಒತ್ತಿದರೆ ಹತ್ತುವಾಗಲೂ ಮಧ್ಯಮ ಬಣ್ಣದಲ್ಲಿ ಕರೆಯುತ್ತದೆ. ಪೆಂಟಟಾನಿಕ್ ಒತ್ತಿದರೆ ಇಳಿಯುವಾಗ ಬೇಕಾದ ಸ್ವರವೇ ಮಡಚಿ ಹೋಗಿರುತ್ತದೆ. ಸಾಫ್ಟ್‌ವೇರಿಗೆ ಸ್ಕೇಲ್ ಅಂದರೆ ಒಂದು ಡಬ್ಬಿ, ಒಳಗೆ ಸ್ವರಗಳು. ಯಾವ ಕಡೆಗೆ ಹೊರಟಿದ್ದೀರಿ ಅಂತ ಅದು ಕೇಳುವುದೇ ಇಲ್ಲ. ರಾಗ ಮೊದಲು ಕೇಳುವುದೇ ಅದನ್ನ.

ತೋಡಿಯಲ್ಲಿ ತೊಂದರೆ ಇನ್ನೂ ಆಳ. ಫ್ರಿಜಿಯನ್ ಒತ್ತಿದರೆ ಹನುಮತೋಡಿಯ ಏಳು ಸ್ವರಗಳು ಬರುತ್ತವೆ, ಒಂದೂ ತಪ್ಪಿಲ್ಲ. ಆದರೆ ತೋಡಿಯ ಗಾಂಧಾರ ಒಂದು ಮನೆಯಲ್ಲಿ ನಿಂತು ಹಾಡುವ ಸ್ವರವೇ ಅಲ್ಲ. ಅದು ತೂಗುತ್ತಲೇ ಇರಬೇಕು. ನಿಂತರೆ ತೋಡಿ ಹೋಯಿತು. 2021ರಲ್ಲಿ ಬಂದ ಲೈವ್ 11ರಿಂದ ಒಂದೊಂದು ಸ್ವರಕ್ಕೂ ಬೇರೆ ಬೇರೆ ಬಾಗುವ ಗೆರೆ ಎಳೆಯಬಹುದು. ಹಾಗಾಗಿ ಈ ತೂಗಾಟ, ಅಂದರೆ ಗಮಕ, ಬರೆಯಲು ಆಗದು ಅನ್ನುವಂತಿಲ್ಲ. ಆ ದೇವರನಾಮದ ಮಧ್ಯೆ ಕೊಳಲಿನ ಒಂದು ತುಂಡು ಬೇಕಿತ್ತು. ಮೊದಲು ನಾನೇ ಸ್ಯಾಂಪಲ್ ಕೊಳಲು ಹಾಕಿ ಗೆರೆ ಎಳೆಯಲು ಕೂತೆ. ನಾಲ್ಕು ಸ್ವರಕ್ಕೆ ನಲವತ್ತು ನಿಮಿಷ. ಗೆರೆ ಚೆನ್ನಾಗಿ ಕಂಡಿತು, ಕೇಳಿದರೆ ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗಿತ್ತು. ಮಾರನೇ ದಿನ ಬೆಳಿಗ್ಗೆ ಕೊಳಲಿನವರು ಸ್ಕೂಟರಿನಲ್ಲಿ ಬಂದರು. ಕಾಫಿ ಕುಡಿದರು, ಎರಡು ಟೇಕ್ ಕೊಟ್ಟರು, ಹೋದರು. ಎರಡೂ ಬಳಸಿದೆ.

ಶ್ರುತಿಯ ವಿಷಯದಲ್ಲಿ ಮಾತ್ರ ಲೈವ್ 12 ನಮ್ಮ ಕಡೆಗೆ ನಿಜಕ್ಕೂ ಒಂದು ಹೆಜ್ಜೆ ಇಟ್ಟಿದೆ. ಕೀಬೋರ್ಡಿನ ಸ್ವರಗಳು ಸಮನಾಗಿ ಹಂಚಿದವು. ಸ್ವರದಿಂದ ಪಕ್ಕದ ಸ್ವರಕ್ಕೆ 100 ಸೆಂಟ್ ಅಂತ ಲೆಕ್ಕ. ಹಾಗಾಗಿ ಅಂತರ ಗಾಂಧಾರ ಷಡ್ಜದಿಂದ ಸರಿಯಾಗಿ 400 ಸೆಂಟ್ ಮೇಲೆ. ಆದರೆ ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಷಡ್ಜದ ತಂತಿಯನ್ನೇ ಕಿವಿಗೊಟ್ಟು ಕೇಳಿ. ಒಳಗಿನಿಂದ ಒಂದು ಗಾಂಧಾರ ತಾನಾಗೇ ಮೊಳಗುತ್ತದೆ. ಅದು ಇರುವುದು ಸುಮಾರು 386ರಲ್ಲಿ. ಹದಿನಾಲ್ಕು ಸೆಂಟ್ ವ್ಯತ್ಯಾಸ. ತಂಬೂರಿ ಹಿಂದೆ ಕೀಬೋರ್ಡ್ ಪ್ಯಾಡ್ (ಉದ್ದಕ್ಕೆ ಎಳೆದು ನಿಲ್ಲುವ ಹಿನ್ನೆಲೆ ಶಬ್ದ) ಹಾಕಿದಾಗ 'ಏನೋ ಉಜ್ಜುತ್ತಿದೆ' ಅಂತ ಹಾಡುವವರು ಮುಖ ಸಿಂಡರಿಸುವುದು ಇದಕ್ಕೇ. ಲೈವ್ 12ರಲ್ಲಿ ಬೇರೆ ಶ್ರುತಿ ವ್ಯವಸ್ಥೆಯ ಫೈಲ್ ಎಳೆದು ಹಾಕಿದರೆ ಅದರ ಸ್ವಂತ ಸಿಂಥ್‌ಗಳು ಆ ಲೆಕ್ಕದಲ್ಲೇ ಮೊಳಗುತ್ತವೆ. ಪ್ಯಾಡಿನ ಗಾಂಧಾರ ಹದಿನಾಲ್ಕು ಸೆಂಟ್ ಇಳಿದು ತಂಬೂರಿಯ ಮಡಿಲಲ್ಲಿ ಕೂರುತ್ತದೆ. ಮೊದಲು ಇದಕ್ಕೆ ಬೇರೆ ಪ್ಲಗಿನ್ (ಹೊರಗಿನಿಂದ ಸೇರಿಸುವ ಪುಟ್ಟ ತಂತ್ರಾಂಶ) ಹುಡುಕಿ, ಒಂದೊಂದು ಸ್ವರವನ್ನೂ ಕೈಯಲ್ಲಿ ತಿದ್ದಿ ಒದ್ದಾಡುತ್ತಿದ್ದೆವು. ಇದನ್ನು ಜಾವಾದ ಗ್ಯಾಮೆಲಾನ್, ಅರಬ್ಬರ ಮಕಾಮ್ ಎಲ್ಲವನ್ನೂ ನೆನಪಿಟ್ಟುಕೊಂಡು ಮಾಡಿದ್ದಾರೆ. ಲಾಭ ನಮಗೂ ಆಯಿತು.

ತಾಳದಲ್ಲಿ ಒಂದು ತಮಾಷೆ ಇದೆ. ಯೂಕ್ಲಿಡಿಯನ್ ಅನ್ನುವ ಉಪಕರಣಕ್ಕೆ 'ಏಳು ಮನೆ, ಮೂರು ಪೆಟ್ಟು, ಆದಷ್ಟು ಸಮನಾಗಿ ಹಂಚು' ಅಂತ ಹೇಳಿ. ಅದು ಎರಡು, ಎರಡು, ಮೂರು ಅಂತ ಹಂಚುತ್ತದೆ. ಸುತ್ತು ಸ್ವಲ್ಪ ತಿರುಗಿಸಿದರೆ ಮೂರು, ಎರಡು, ಎರಡು. ಅದು ನಮ್ಮ ಏಳರ ತಾಳ, ಮಿಶ್ರ ಛಾಪು! ಐದು ಮನೆಗೆ ಎರಡು ಪೆಟ್ಟು ಅಂದರೆ ಖಂಡ ಛಾಪು. ಗ್ರೀಕ್ ಗಣಿತಜ್ಞನ ಹೆಸರಿನ ಲೆಕ್ಕ, ನಮ್ಮಲ್ಲಿ ಮೃದಂಗದವರು ತೊಡೆ ತಟ್ಟಿ ಹೇಳುವ ಲೆಕ್ಕ, ಎರಡೂ ಒಂದೇ ಜಾಗಕ್ಕೆ ಬರುತ್ತವೆ. ಪೆಟ್ಟು ಎಲ್ಲಿ ಅಂತ ಅದು ಹೇಳುತ್ತದೆ, 'ತ'ನಾ 'ತೋಂ'ನಾ ಅಂತ ಹೇಳಲ್ಲ. ಆದರೂ ಒಂದು ನಡೆ ಥಟ್ಟನೆ ಹಾಕಿಕೊಂಡು ಅದರ ಮೇಲೆ ಹಾಡು ಕಟ್ಟಲು ಇದಕ್ಕಿಂತ ಬೇಗದ ದಾರಿ ನಾನು ಕಂಡಿಲ್ಲ.

ವಿಮರ್ಶೆ ವಿಡಿಯೊಗಳಲ್ಲಿ ಕಮ್ಮಿ ಮಾತಾಗುವ ಒಂದು ಬದಲಾವಣೆ ನನ್ನ ಪ್ರಕಾರ ಈ ಆವೃತ್ತಿಯ ಅತಿ ದೊಡ್ಡದು. ಲೈವ್ 12ರಿಂದ ಸ್ಕ್ರೀನ್ ರೀಡರ್ ನಡೆಯುತ್ತದೆ. ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಪರದೆ ಮೇಲಿನದನ್ನು ಓದಿ ಹೇಳುವ ತಂತ್ರಾಂಶದಿಂದ, ಮ್ಯಾಕ್‌ನಲ್ಲಿ ವಾಯ್ಸ್‌ಓವರ್, ವಿಂಡೋಸ್‌ನಲ್ಲಿ ಎನ್‌ವಿಡಿಎ ಥರದ್ದು. ಲೈವ್ ತನ್ನ ಗುಂಡಿ, ಫೇಡರ್ ಎಲ್ಲವನ್ನೂ ಚಿತ್ರದ ಹಾಗೆ ತಾನೇ ಬಿಡಿಸಿಕೊಳ್ಳುತ್ತಿತ್ತು. ಓದುವ ತಂತ್ರಾಂಶಕ್ಕೆ ಅದು ಖಾಲಿ ಗೋಡೆ. ಅದಕ್ಕೇ ಕಣ್ಣು ಕಾಣದ ಎಷ್ಟೋ ಸಂಗೀತಗಾರರು ರೀಪರ್ ಅನ್ನುವ ಇಂಥದೇ ಇನ್ನೊಂದು ತಂತ್ರಾಂಶದ ಕಡೆ ಹೋದರು. ಅದಕ್ಕೆ ಒಸಾರಾ ಅನ್ನುವ ಉಚಿತ ಸೇರ್ಪಡೆ ಇದೆ. ಎನ್‌ವಿಡಿಎ ಶುರು ಮಾಡಿದವರಲ್ಲಿ ಒಬ್ಬರಾದ ಜೇಮ್ಸ್ ಟೇ ಕಟ್ಟಿದ್ದು. ಈಗ ಲೈವ್‌ನಲ್ಲೂ ಟ್ರ್ಯಾಕ್, ಕ್ಲಿಪ್, ವಾಲ್ಯೂಮ್ ಎಲ್ಲವನ್ನೂ ಕೀಬೋರ್ಡಿನಲ್ಲೇ ಮುಟ್ಟಬಹುದು, ಎಲ್ಲಿದ್ದೀರಿ ಅಂತ ಕಿವಿಗೆ ಕೇಳುತ್ತದೆ.

ಇದನ್ನು ಓದಿದ ಕೂಡಲೇ ನನಗೆ ನೆನಪಾದದ್ದು ಗದಗ. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರ ತನಕ ನಮ್ಮೊಡನಿದ್ದ ಪುಟ್ಟರಾಜ ಗವಾಯಿಗಳು, ಇಬ್ಬರಿಗೂ ಕಣ್ಣಿರಲಿಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಎಷ್ಟು ಮಕ್ಕಳು ಹಾರ್ಮೋನಿಯಂ, ತಬಲಾ, ಗಾಯನ ಕಲಿತು ಹೊರಬಂದರು! ಹಾಗೆ ಕಲಿತವರು ರೆಕಾರ್ಡಿಂಗ್‌ಗೆ ಬಂದಾಗ ಗಾಜಿನ ಈಚೆ ಹಾಡುವವರಾಗಿ ಬರುತ್ತಾರೆ. ಗಾಜಿನ ಆಚೆ ಕೂತು ಮಿಕ್ಸ್ ಮಾಡುವ ಕುರ್ಚಿಗೆ ಬೇಕಾದ ಕಿವಿ ಅವರಿಗೆ ನಮಗಿಂತ ಜಾಸ್ತಿ ಇದೆ. ಅಡ್ಡ ಇದ್ದದ್ದು ಪರದೆ. ಪೂರ್ತಿ ತೆರೆದಿಲ್ಲ ಅನ್ನುವುದೂ ನಿಜ. ಹೊರಗಿನ ಪ್ಲಗಿನ್‌ಗಳಲ್ಲಿ ಹಲವು ಇನ್ನೂ ಮೂಕ. ಲೈವ್‌ನ ಮೆನು ಕನ್ನಡದಲ್ಲಿ ಇಲ್ಲ, ಹಾಗಾಗಿ ಕಿವಿಗೆ ಬೀಳುವುದು ಇಂಗ್ಲಿಷ್. ಕನ್ನಡ ಶಾಲೆಯಲ್ಲಿ ಓದಿದ ಹುಡುಗನಿಗೆ ಅದು ಇನ್ನೊಂದು ಗೋಡೆ. ಐವತ್ತು ಅರವತ್ತು ಪದ ಕಲಿಸಿದರೆ ದಾಟುವ ಗೋಡೆ, ಅಷ್ಟೇ.

12.0 ಬಂದ ಮೇಲೆ ಉಚಿತವಾಗಿ ಸೇರುತ್ತಾ ಹೋದವುಗಳಲ್ಲಿ ಎರಡನ್ನು ಹೇಳಬೇಕು. 2025ರ 12.2ರಲ್ಲಿ ಬೌನ್ಸ್ ಬಂತು. ಸಿಂಥ್, ಇಫೆಕ್ಟ್ ಎಲ್ಲ ಸೇರಿ ಕಂಪ್ಯೂಟರ್ ಉಸಿರು ಕಟ್ಟಿದಾಗ ಆ ಟ್ರ್ಯಾಕನ್ನು ಸಾದಾ ಆಡಿಯೊ ಮಾಡುವ ಕೆಲಸ ಇದು. ಮೊದಲು ಫ್ರೀಜ್ ಮಾಡಿ, ಫ್ಲಾಟನ್ ಮಾಡಿ, ಮೂಲ ಬೇಕಂದರೆ ಅದಕ್ಕೂ ಮುಂಚೆ ನಕಲು ಮಾಡಿ ಇಟ್ಟುಕೊಳ್ಳಬೇಕಿತ್ತು. ಈಗ ಒಂದೇ ಆಜ್ಞೆ. ಲಾಜಿಕ್, ಕ್ಯೂಬೇಸ್ ಥರದ ಬೇರೆ ತಂತ್ರಾಂಶ ಬಳಸುವವರು ಇದನ್ನು ಕೇಳಿ ನಕ್ಕರೆ ಸುಮ್ನೆ ನಗಲು ಬಿಡಿ. ಅವರಿಗೆ ಇದು ಎಷ್ಟೋ ವರ್ಷದಿಂದ ಇದೆ.

ಅದೇ ವರ್ಷದ 12.3ರಲ್ಲಿ ಹಾಡು ಒಡೆಯುವ ಸೌಕರ್ಯ ಬಂತು. ತಯಾರಾದ ಹಾಡನ್ನು ಗಾಯನ, ಡ್ರಮ್ಸ್, ಬೇಸ್, ಉಳಿದದ್ದು ಅಂತ ನಾಲ್ಕು ಭಾಗ ಮಾಡುತ್ತದೆ. ಎಫ್‌ಎಲ್ ಸ್ಟುಡಿಯೊ 2023ರಲ್ಲೇ, ಲಾಜಿಕ್ 2024ರಲ್ಲೇ ಇದನ್ನು ತಂದಿದ್ದವು. ಆರ್ಕೆಸ್ಟ್ರಾದವರಿಗೆ, ಟ್ರ್ಯಾಕ್ ಹಾಕಿ ಹಾಡುವವರಿಗೆ ಇದು ಹಬ್ಬ. ಆದರೆ ಆ ನಾಲ್ಕು ಡಬ್ಬಿಗಳನ್ನು ಇನ್ನೊಮ್ಮೆ ನೋಡಿ. ಕಚೇರಿಯ ಒಂದು ರೆಕಾರ್ಡಿಂಗ್ ಹಾಕಿದರೆ ವೀಣೆ, ಪಿಟೀಲು, ಕೊಳಲು, ತಂಬೂರಿ ಎಲ್ಲ ಹೋಗಬೇಕಾದದ್ದು 'ಉಳಿದದ್ದು' ಡಬ್ಬಿಗೆ. ನಮ್ಮ ಸಂಗೀತದಲ್ಲಿ ಹಾಡು ಹೊರುವ ವಾದ್ಯಗಳೆಲ್ಲ ಒಂದೇ ಮೂಟೆ. ಇನ್ನು ಹಳೇ ಹಾಡಿನಿಂದ ದನಿ ಬೇರೆ ಮಾಡಿಕೊಂಡರೆ ಆ ದನಿ ನಮ್ಮದಾಗುವುದಿಲ್ಲ. ಯೂಟ್ಯೂಬಿಗೆ ಹಾಕುವ ಮುಂಚೆ ಹಕ್ಕು ಯಾರದು ಅಂತ ಕೇಳಿಕೊಳ್ಳಿ.

ದುಡ್ಡಿನ ಮಾತು. ಲೈವ್ 12 ಮೂರು ದರ್ಜೆಯಲ್ಲಿ ಮಾರಾಟಕ್ಕಿದೆ. ಬಿಡುಗಡೆಯಾದಾಗ ಎಲ್ಲ ಸೌಕರ್ಯ ಇರುವ ಸ್ಯೂಟ್ 749 ಡಾಲರ್, ಸ್ಟ್ಯಾಂಡರ್ಡ್ 439, ಇಂಟ್ರೊ 99. ಸ್ಯೂಟ್ ಅಂದರೆ ಅರವತ್ತು ಸಾವಿರ ರೂಪಾಯಿಗೂ ಜಾಸ್ತಿ. ಒಂದು ಒಳ್ಳೇ ಸೆಕೆಂಡ್ ಹ್ಯಾಂಡ್ ಸ್ಕೂಟರ್. ಹಾಡು ಒಡೆಯುವುದು ಸ್ಯೂಟ್‌ನಲ್ಲಿ ಮಾತ್ರ. ಎಫ್‌ಎಲ್ ಸ್ಟುಡಿಯೊ ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ. ರೀಪರ್ ಸ್ವಂತ ಬಳಕೆಗೆ 60 ಡಾಲರ್. ಬೆಂಗಳೂರಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಹೊಸದಾಗಿ ಕಾಲಿಡುವ ಹುಡುಗರು ಎಫ್‌ಎಲ್ ಕಡೆ ಹೋಗಲು ಈ ಲೆಕ್ಕ ಒಂದೇ ಸಾಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಆಡಿಯೊ ಇಂಟರ್‌ಫೇಸ್ ಅಥವಾ ಮಿಡಿ ಕೀಬೋರ್ಡ್ ಕೊಂಡರೆ ಅದರ ಜೊತೆ ಲೈವ್‌ನ ಚಿಕ್ಕ ರೂಪವಾದ ಲೈವ್ ಲೈಟ್ ಪುಕ್ಕಟೆ ಸಿಗುವುದುಂಟು. ಎಂಟು ಟ್ರ್ಯಾಕ್ ಮಿತಿ. ತಂಬೂರಿ, ಮೃದಂಗ, ಕೊಳಲು, ಗಾಯನ ಅಂತ ಒಂದು ಸರಳ ದೇವರನಾಮಕ್ಕೆ ಎಂಟು ಧಾರಾಳ.

11 ಇಟ್ಟುಕೊಂಡವರು ಏರಬೇಕಾ? ಹಾಡನ್ನು ಪೂರ್ತಿ ಅರೇಂಜ್‌ಮೆಂಟ್‌ನಲ್ಲೇ ಮುಗಿಸುವವರಾದರೆ ಮಿಕ್ಸರ್, ಬೌನ್ಸ್ ಎರಡಕ್ಕೇ ಏರಬಹುದು. ವೇದಿಕೆಗೆ ಮಾತ್ರ ಬಳಸುವವರಿಗೆ ಅವಸರ ಇಲ್ಲ. ಮುಂಚೆ ಕಂಪ್ಯೂಟರ್ ನೋಡಿಕೊಳ್ಳಿ. ವಿಂಡೋಸ್ 10, ಮ್ಯಾಕ್ ಓಎಸ್ 11, ಇವಕ್ಕಿಂತ ಹಳೆಯದರಲ್ಲಿ 12 ನಡೆಯಲ್ಲ. 30 ದಿನ ಉಚಿತವಾಗಿ ಬಳಸಿ ನೋಡಲು ಬಿಡುತ್ತಾರೆ. ಹೊಸ ಹಾಡು ಶುರು ಮಾಡಿ ನೋಡಬೇಡಿ, ಹೊಸದರ ಉತ್ಸಾಹದಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಮುಗಿಸಿ ಕೊಟ್ಟ ಒಂದು ಹಳೇ ಹಾಡು ತೆಗೆದು, ಅವತ್ತು ಕೇಳಿದ್ದ ಆ 'ಒಂಚೂರು'ಗಳನ್ನೇ ಇದರಲ್ಲಿ ಮತ್ತೆ ಮಾಡಿ ನೋಡಿ.

ಹಾಗೆ ತೆಗೆಯುವಾಗ ಫೈಲಿಗೆ ಬೇರೆ ಹೆಸರು ಕೊಟ್ಟು ಸೇವ್ ಮಾಡಿ. 12ರಲ್ಲಿ ಸೇವ್ ಆದದ್ದನ್ನು 11 ತೆರೆಯುವುದಿಲ್ಲ. ನಾನು ಅದೇ ಹೆಸರಿಗೆ ಸೇವ್ ಒತ್ತಿದೆ. ಕೊನೆಯ ಹದ ಕೊಡುವ ಮಾಸ್ಟರಿಂಗ್‌ಗೆ ಕಳಿಸಿದ ಸ್ಟುಡಿಯೊದಲ್ಲಿ ಇನ್ನೂ 11 ಇತ್ತು. ಮೃದಂಗ ಒಂಚೂರು ಇಳಿಸಿದ, ಕೊಳಲು ಒಂಚೂರು ಏರಿಸಿದ ಆ ಹಾಡನ್ನು ರಾತ್ರಿ ಒಂದು ಗಂಟೆಗೆ ಒಂದೊಂದೇ ಟ್ರ್ಯಾಕ್ ಆಡಿಯೊ ಮಾಡಿ ಕಳಿಸುತ್ತಾ ಕೂತೆ, ಹದಿನೇಳು ಟ್ರ್ಯಾಕ್.